ತಿಂಗಳಿಗೆ ಹದಿನೈದು ಪೌಂಡು, ಯಾವುದಕ್ಕೆ?

ಹಾಸನದ ಕಡೆಯ ಹುಡುಗಿಯೊಬ್ಬಳು ಮಂಗಳೂರಿನಲ್ಲಿ ನರ್ಸಿಂಗ್ ಓದಿ, 2020ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಹೋದಳು ಎಂದಿಟ್ಟುಕೊಳ್ಳಿ. ಐದು ವರ್ಷದ ಮೇಲೆ, 2025ರಲ್ಲಿ, ರಜೆಗೆಂದು ಊರಿಗೆ ಬಂದಿದ್ದಾಳೆ. ಅಪ್ಪ ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಲೆಕ್ಕದ ಹಾಳೆ ಕಂಡರೆ ಸಾಕು, ಕನ್ನಡಕ ಹುಡುಕುತ್ತಾರೆ. ಮಗಳ ಬ್ಯಾಂಕ್ ಲೆಕ್ಕಪಟ್ಟಿಯ ಮೇಲೆ ಕಣ್ಣಾಡಿಸುತ್ತಿದ್ದ ಅವರ ಬೆರಳು ಒಂದು ಸಾಲಿನ ಮೇಲೆ ನಿಲ್ಲುತ್ತದೆ. ಪ್ರತಿ ತಿಂಗಳೂ 15 ಪೌಂಡು ಕಡಿತ.

“ಇದು ಯಾವುದಕ್ಕಮ್ಮ?”

“ಅಕೌಂಟಿನ ಫೀಸು ಅಪ್ಪ. ಎಲ್ಲರಿಗೂ ಇರುತ್ತೆ.”

“ಎಲ್ಲರಿಗೂ ಇರುತ್ತಾ?”

ಮಗಳು ಸುಮ್ಮನಾಗುತ್ತಾಳೆ. ಐದು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳು ಯಾರನ್ನೂ ಕೇಳಿರಲಿಲ್ಲ.

ಎಲ್ಲರಿಗೂ ಇರುವುದಿಲ್ಲ ಎಂಬುದೇ ಸರಿಯಾದ ಉತ್ತರ. ಬ್ರಿಟನ್ನಿನಲ್ಲಿ ಸಂಬಳ ಜಮೆಯಾಗುವ ಸಾಮಾನ್ಯ ಖಾತೆಗೆ ‘ಕರೆಂಟ್ ಅಕೌಂಟ್’ ಎನ್ನುತ್ತಾರೆ. ನಮ್ಮಲ್ಲಿ ವ್ಯಾಪಾರಸ್ಥರು ಇಡುವ ಚಾಲ್ತಿ ಖಾತೆಗೂ ಇದಕ್ಕೂ ಹೆಸರಷ್ಟೇ ಒಂದು. 1984ರಲ್ಲಿ ಅಲ್ಲಿನ ಮಿಡ್‌ಲ್ಯಾಂಡ್ ಬ್ಯಾಂಕ್, ಖಾತೆಯಲ್ಲಿ ಹಣವಿರುವವರೆಗೆ ಶುಲ್ಕವಿಲ್ಲ ಎಂಬ ಪದ್ಧತಿ ತಂದಿತು. ಉಳಿದ ದೊಡ್ಡ ಬ್ಯಾಂಕುಗಳೂ ಅದೇ ದಾರಿ ಹಿಡಿದವು. ಅಂದಿನಿಂದ ಅಲ್ಲಿ ಶುಲ್ಕವಿಲ್ಲದ ಖಾತೆಯೇ ವಾಡಿಕೆ.

<b>ಗಂಟು ಕಟ್ಟಿದ ಖಾತೆ</b>

ಹಾಗಾದರೆ ಈ 15 ಪೌಂಡು ಏನು? ಖಾತೆಯನ್ನು ಬಿಟ್ಟಿ ಕೊಟ್ಟ ಬ್ಯಾಂಕುಗಳು ಆದಾಯಕ್ಕೆ ಬೇರೆ ದಾರಿ ಹುಡುಕಿದವು. ಖಾತೆಯ ಜೊತೆಗೆ ಪ್ರವಾಸ ವಿಮೆ, ಮೊಬೈಲ್ ಫೋನಿನ ವಿಮೆ, ಕಾರು ದಾರಿಯಲ್ಲಿ ಕೆಟ್ಟು ನಿಂತರೆ ನೆರವು ಮುಂತಾದವನ್ನು ಒಂದೇ ಗಂಟಿನಲ್ಲಿ ಕಟ್ಟಿ, ತಿಂಗಳ ಶುಲ್ಕಕ್ಕೆ ಮಾರತೊಡಗಿದವು. ಇದಕ್ಕೆ ‘ಪ್ಯಾಕೇಜ್ಡ್ ಅಕೌಂಟ್’ ಎಂದು ಹೆಸರು.

ಗಂಟು ಕಟ್ಟುವುದರಲ್ಲಿ ತಪ್ಪೇನೂ ಇಲ್ಲ. ಕಾರಿರುವ, ವರ್ಷಕ್ಕೆರಡು ಬಾರಿ ಪ್ರವಾಸ ಹೋಗುವ, ದುಬಾರಿ ಫೋನಿಟ್ಟುಕೊಂಡ ಸಂಸಾರಕ್ಕೆ ಅದು ಲಾಭವೇ ಆದೀತು. ಆದರೆ ಆ ಗಂಟನ್ನು ಯಾರಿಗೆ, ಏನು ಹೇಳಿ ಮಾರಲಾಯಿತು ಎಂಬುದು ಮುಖ್ಯ. ಕಾರೇ ಇಲ್ಲದವರಿಗೆ ಕಾರಿನ ನೆರವು ಸೇರಿಸಿ ಮಾರಿದ್ದುಂಟು. ಪ್ರವಾಸ ವಿಮೆಗೆ ವಯಸ್ಸಿನ ಮಿತಿ ಇದ್ದರೂ ಅದನ್ನು ದಾಟಿದವರಿಗೆ ಹೇಳದೆ ಶುಲ್ಕ ಪಡೆದದ್ದುಂಟು. ಮೊದಲೇ ಇರುವ ಕಾಯಿಲೆಗೆ ವಿಮೆ ಅನ್ವಯಿಸದು ಎಂಬ ಮಾತನ್ನು ಮುಚ್ಚಿಟ್ಟದ್ದುಂಟು. “ಈ ಖಾತೆ ತೆಗೆದರೆ ಮಾತ್ರ ಓವರ್‌ಡ್ರಾಫ್ಟ್, ಮನೆ ಸಾಲ” ಎಂದು ನಂಬಿಸಿದ್ದೂ, ಒಪ್ಪಿಗೆಯನ್ನೇ ಕೇಳದೆ ಹಳೆಯ ಖಾತೆಯನ್ನು ಬದಲಿಸಿದ್ದೂ ಉಂಟು.

ನಮ್ಮ ನರ್ಸ್ ಹುಡುಗಿಯ ಕಥೆಯನ್ನೇ ನೋಡಿ. ಅವಳ ಬಳಿ ಕಾರಿಲ್ಲ. ಚಿಕ್ಕಂದಿನಿಂದ ಉಬ್ಬಸವಿದೆ. ಅದರ ಬಗ್ಗೆ ಯಾರೂ ಕೇಳಿರಲಿಲ್ಲ. ಹೊಸ ಊರು, ಹೊಸ ಕೆಲಸ. ಎದುರು ಕುಳಿತ ಬ್ಯಾಂಕಿನವರು “ನಿಮಗೆ ಇದೇ ಸರಿಯಾದ ಖಾತೆ” ಎಂದರು. ಅವಳು ಸಹಿ ಹಾಕಿದಳು.

<b>ನಿಯಮ ಏನನ್ನುತ್ತದೆ?</b>

ಬ್ರಿಟನ್ನಿನಲ್ಲಿ 2013ರ ಮಾರ್ಚ್ 31ರಿಂದ ಇದಕ್ಕೆಂದೇ ನಿಯಮ ಜಾರಿಗೆ ಬಂತು. ಗಂಟಿನೊಳಗಿನ ಪ್ರತಿಯೊಂದು ವಿಮೆಯಿಂದಲೂ ಗ್ರಾಹಕ ಪರಿಹಾರ ಕೇಳಲು ಅರ್ಹನೇ ಎಂದು ಬ್ಯಾಂಕ್ ವಿಚಾರಿಸಬೇಕು, ವಿಚಾರಿಸಿದ್ದನ್ನು ಅವನಿಗೆ ತಿಳಿಸಬೇಕು. ವರ್ಷಕ್ಕೊಮ್ಮೆ ಅರ್ಹತೆಯ ವಿವರವನ್ನೂ ಕಳುಹಿಸಬೇಕು.

ಇನ್ನೊಂದು ಸೂಕ್ಷ್ಮವಿದೆ. “ಇದು ನಿಮಗೆ ಸರಿ” ಎಂದು ಸಲಹೆ ಕೊಟ್ಟು ಮಾರಿದರೆ, ಅದು ಆ ವ್ಯಕ್ತಿಗೆ ಹೊಂದುತ್ತದೆಯೇ ಎಂದು ನೋಡುವ ಹೊಣೆ ಬ್ಯಾಂಕಿನದೇ. ಸಲಹೆ ಕೊಡದೆ ಬರೀ ವಿವರ ಕೊಟ್ಟಿದ್ದರೆ, ಆ ವಿವರ ಸ್ಪಷ್ಟವಾಗಿರಬೇಕು, ದಾರಿ ತಪ್ಪಿಸುವಂತಿರಬಾರದು. ಆದ್ದರಿಂದ ದೂರು ಕೊಡುವವರು ಅಂದು ಬ್ಯಾಂಕಿನವರು ಆಡಿದ ಮಾತನ್ನು ನೆನಪಿಸಿಕೊಂಡು ಬರೆಯಬೇಕು.

<b>ಹಣ ಮರಳಿ ಪಡೆಯುವ ದಾರಿ</b>

ದಾರಿಯಲ್ಲಿ ಇರುವುದು ಎರಡೇ ಮೆಟ್ಟಿಲು. ಮೊದಲನೆಯದು ಬ್ಯಾಂಕಿಗೇ ದೂರು. ಖಾತೆ ತೆರೆದದ್ದು ಯಾವಾಗ, ಏನು ಹೇಳಿದರು, ಯಾವ ಸೌಲಭ್ಯ ಏಕೆ ಉಪಯೋಗಕ್ಕೆ ಬರಲಿಲ್ಲ, ಕಟ್ಟಿದ ಶುಲ್ಕ ಎಷ್ಟು ಎಂಬುದನ್ನು ಒಂದೇ ಪುಟದಲ್ಲಿ ಬರೆದರೆ ಸಾಕು. ಹಳೆಯ ಕಾಗದ ಇಲ್ಲವೆಂದು ಹಿಂಜರಿಯಬೇಕಿಲ್ಲ. ತನ್ನ ಬಗ್ಗೆ ಬ್ಯಾಂಕಿನ ಬಳಿ ಇರುವ ಮಾಹಿತಿಯ ಪ್ರತಿಯನ್ನು ಕೇಳುವ ಹಕ್ಕು ಅಲ್ಲಿ ಗ್ರಾಹಕರಿಗಿದೆ. ಉತ್ತರ ಕೊಡಲು ಬ್ಯಾಂಕಿಗೆ 8 ವಾರಗಳ ಅವಕಾಶ.

ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಎರಡನೆಯ ಮೆಟ್ಟಿಲು, ಫೈನಾನ್ಶಿಯಲ್ ಓಂಬುಡ್ಸ್‌ಮನ್ ಸರ್ವೀಸ್. ಇಲ್ಲಿ ದೂರುದಾರರು ಒಂದು ಪೆನ್ನಿಯನ್ನೂ ಕಟ್ಟಬೇಕಿಲ್ಲ. ಈ ಸಂಸ್ಥೆಯ ಖರ್ಚನ್ನು ಬ್ಯಾಂಕ್ ಮೊದಲಾದ ಹಣಕಾಸು ಸಂಸ್ಥೆಗಳೇ ಭರಿಸುತ್ತವೆ. ಓಂಬುಡ್ಸ್‌ಮನ್ ಕೊಟ್ಟ ತೀರ್ಮಾನವನ್ನು ಗ್ರಾಹಕ ಒಪ್ಪಿಕೊಂಡರೆ ಬ್ಯಾಂಕ್ ಅದಕ್ಕೆ ಬದ್ಧ. ಒಪ್ಪದಿದ್ದರೆ ಗ್ರಾಹಕನಿಗೆ ನ್ಯಾಯಾಲಯದ ದಾರಿ ತೆರೆದೇ ಇರುತ್ತದೆ.

ಗಡುವುಗಳನ್ನು ಮಾತ್ರ ಮರೆಯಬಾರದು. ಬ್ಯಾಂಕಿನ ಅಂತಿಮ ಉತ್ತರ ಬಂದ 6 ತಿಂಗಳೊಳಗೆ ಓಂಬುಡ್ಸ್‌ಮನ್ ಬಳಿ ಹೋಗಬೇಕು. ಮಾರಾಟವಾಗಿ 6 ವರ್ಷ ಮೀರಿರಬಾರದು. ಮೀರಿದ್ದರೆ, ತಪ್ಪು ಗೊತ್ತಾದಂದಿನಿಂದ, ಅಥವಾ ಗೊತ್ತಾಗಬೇಕಿದ್ದಂದಿನಿಂದ, 3 ವರ್ಷದೊಳಗಾದರೂ ದೂರು ಸಲ್ಲಬೇಕು. ನಮ್ಮ ಹುಡುಗಿಗೆ ಐದು ವರ್ಷ ಆಗಿಹೋಗಿದೆ. ಅಪ್ಪನ ಕಣ್ಣಿಗೆ ಆ ಸಾಲು ಬಿದ್ದದ್ದು ಒಳ್ಳೆಯ ಹೊತ್ತಿನಲ್ಲೇ.

<b>ಹತ್ತನೆಯ ತರಗತಿಯ ಲೆಕ್ಕ</b>

ಬರಬಹುದಾದ ಹಣವೆಷ್ಟು? ತಿಂಗಳಿಗೆ 15 ಪೌಂಡಿನಂತೆ 60 ತಿಂಗಳಿಗೆ 900 ಪೌಂಡು ಅಸಲು. ಅದರ ಮೇಲೆ ಬಡ್ಡಿ. ಇಂಥ ದೂರುಗಳಲ್ಲಿ ಓಂಬುಡ್ಸ್‌ಮನ್ ಬಹುಕಾಲ ವರ್ಷಕ್ಕೆ ಶೇ 8ರ ಸರಳ ಬಡ್ಡಿ ಕೊಡಿಸುತ್ತಿದ್ದರು. 2026ರ ಜನವರಿ 1ರಿಂದ ತಮ್ಮ ಬಳಿಗೆ ಬರುವ ದೂರುಗಳಿಗೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲ ದರಕ್ಕೆ ಶೇ 1 ಸೇರಿಸಿ ಲೆಕ್ಕ ಹಾಕುವ ಪದ್ಧತಿ ಬಂದಿದೆ. ಹುಡುಗಿಯ ದೂರು 2025ರೊಳಗೇ ಅವರನ್ನು ತಲುಪಿತು ಎಂದುಕೊಂಡು ಹಳೆಯ ದರದಲ್ಲೇ ಲೆಕ್ಕ ಮಾಡಬಹುದು.

15 ಪೌಂಡಿಗೆ ಶೇ 8ರಂತೆ ವರ್ಷಕ್ಕೆ 1.20 ಪೌಂಡು, ಅಂದರೆ ತಿಂಗಳಿಗೆ 10 ಪೆನ್ನಿ. ಮೊದಲ ಕಂತು ಕಟ್ಟಿ 60 ತಿಂಗಳಾಯಿತು, ಎರಡನೆಯದಕ್ಕೆ 59, ಕೊನೆಯದಕ್ಕೆ 1. ಇವನ್ನು ಕೂಡಿಸಲು ಸಮಾಂತರ ಶ್ರೇಢಿಯ ಸೂತ್ರ ಬಳಸಿ: 60 × 61 ÷ 2 = 1830. ಪ್ರತಿಯೊಂದಕ್ಕೂ 10 ಪೆನ್ನಿಯಂತೆ ಬಡ್ಡಿ 183 ಪೌಂಡು. ಅಸಲು ಸೇರಿ 1083 ಪೌಂಡು. ಬಡ್ಡಿಯ ಭಾಗದಲ್ಲಿ ಆದಾಯ ತೆರಿಗೆ ಕಡಿತವಾಗಬಹುದು. ಹನಿ ಹನಿ ಗೂಡಿದರೆ ಹಳ್ಳ ಎಂಬುದು ಉಳಿತಾಯಕ್ಕೆ ಮಾತ್ರವಲ್ಲ, ಸೋರಿಕೆಗೂ ಅನ್ವಯಿಸುವ ಮಾತು.

ಇಷ್ಟು ಹಣವಿದ್ದ ಕಡೆ ಮಧ್ಯವರ್ತಿಗಳು ಬಾರದಿರುತ್ತಾರೆಯೇ? “ನಿಮ್ಮ ಪರವಾಗಿ ನಾವು ದೂರು ಕೊಡುತ್ತೇವೆ” ಎನ್ನುವ ಕಂಪನಿಗಳು ಅಲ್ಲಿ ಬಹಳ. 2022ರ ಮಾರ್ಚ್‌ನಲ್ಲಿ ಅವರ ಶುಲ್ಕಕ್ಕೂ ಮಿತಿ ಹಾಕಲಾಯಿತು. 1500 ಪೌಂಡಿಗಿಂತ ಕಡಿಮೆ ಪರಿಹಾರವಾದರೆ ಗರಿಷ್ಠ ಶೇ 30. ಹಾಗೆಂದರೂ 1083ರಲ್ಲಿ 324 ಪೌಂಡು 90 ಪೆನ್ನಿ ಅವರ ಪಾಲಾಗಬಹುದು. ಅವರು ಬರೆಯುವುದೂ ಅದೇ ಒಂದು ಪುಟದ ದೂರು, ಕಳುಹಿಸುವುದೂ ಅದೇ ವಿಳಾಸಕ್ಕೆ.

<b>ಎಲ್ಲ ದೂರೂ ಗೆಲ್ಲುವುದಿಲ್ಲ</b>

ಇದಕ್ಕೂ ಮುಂಚೆ ಬ್ರಿಟನ್ನಿನಲ್ಲಿ ಸಾಲದ ಜೊತೆ ಅಂಟಿಸಿ ಮಾರಿದ ಪಿಪಿಐ ಎಂಬ ವಿಮೆಯ ದೊಡ್ಡ ಪ್ರಕರಣ ನಡೆದಿತ್ತು. 2011ರಿಂದ ಬ್ಯಾಂಕುಗಳೂ ಸಾಲ ಸಂಸ್ಥೆಗಳೂ ಗ್ರಾಹಕರಿಗೆ 3,800 ಕೋಟಿ ಪೌಂಡಿಗೂ ಹೆಚ್ಚು ಹಣ ಹಿಂತಿರುಗಿಸಬೇಕಾಯಿತು. ಅದರ ದೂರಿಗೆ 2019ರ ಆಗಸ್ಟ್ 29 ಕೊನೆಯ ದಿನವಾಗಿತ್ತು. ಆ ಗೆಲುವು ನೋಡಿ ಪ್ಯಾಕೇಜ್ ಖಾತೆಯ ಮೇಲೂ ದೂರುಗಳ ಮಳೆ ಸುರಿಯಿತು. ಆದರೆ ಓಂಬುಡ್ಸ್‌ಮನ್ ಬಳಿ ಹೋದವುಗಳಲ್ಲಿ ಹೆಚ್ಚಿನವು ನಿಲ್ಲಲಿಲ್ಲ. ಎಲ್ಲವನ್ನೂ ತಿಳಿದೇ ಒಪ್ಪಿ, ವಿಮೆಯ ಹಣವನ್ನೂ ಪಡೆದು, ಆಮೇಲೆ “ನನಗೆ ಬೇಡವಾಗಿತ್ತು” ಎಂದರೆ ಯಾರು ಒಪ್ಪುತ್ತಾರೆ? ಸೌಲಭ್ಯವನ್ನು ಬಳಸಲಿಲ್ಲ ಎಂಬುದೊಂದೇ ಕಾರಣ ಸಾಲದು. ಮನೆಗೆ ಬೆಂಕಿ ಬೀಳಲಿಲ್ಲವೆಂದು ಬೆಂಕಿ ವಿಮೆಯ ಕಂತನ್ನು ಯಾರೂ ಹಿಂದಕ್ಕೆ ಕೇಳುವುದಿಲ್ಲ. ಬಳಸಲು ಸಾಧ್ಯವೇ ಇರಲಿಲ್ಲ ಅಥವಾ ಸುಳ್ಳು ಹೇಳಿ ಮಾರಿದರು ಎಂಬುದು ಕಾರಣವಾಗುತ್ತದೆ. ಮಕ್ಕಳು ಈ ವ್ಯತ್ಯಾಸವನ್ನು ಅರಿತರೆ ಅರ್ಧ ಗ್ರಾಹಕ ಕಾನೂನು ಅರಿತಂತೆ.

ಭಾರತದಲ್ಲಿಯೂ ದಾರಿ ಹೆಚ್ಚು ಬೇರೆಯಲ್ಲ. ಬ್ಯಾಂಕಿಂಗ್ ಓಂಬುಡ್ಸ್‌ಮನ್ ವ್ಯವಸ್ಥೆ ಇಲ್ಲಿ 1995ರಲ್ಲೇ ಬಂತು. ರಿಸರ್ವ್ ಬ್ಯಾಂಕ್ 2021ರಲ್ಲಿ ಅದನ್ನು ಇತರ ದೂರು ವ್ಯವಸ್ಥೆಗಳೊಂದಿಗೆ ಒಂದುಗೂಡಿಸಿತು. ಮೊದಲು ಬ್ಯಾಂಕಿಗೆ ದೂರು, 30 ದಿನದಲ್ಲಿ ಸರಿಯಾದ ಉತ್ತರ ಸಿಗದಿದ್ದರೆ ಓಂಬುಡ್ಸ್‌ಮನ್. ಇಲ್ಲೂ ಶುಲ್ಕವಿಲ್ಲ.

ಆ ರಾತ್ರಿ ಹಾಸನದ ಮನೆಯಲ್ಲಿ ಊಟವಾದ ಮೇಲೆ ಮಗಳು ದೂರು ಬರೆಯಲು ಕೂರುತ್ತಾಳೆ. ಅಪ್ಪ ಪಕ್ಕದಲ್ಲಿ ತಿಂಗಳುಗಳನ್ನು ಎಣಿಸುತ್ತಾರೆ. ಹಣ ಬರುತ್ತದೋ ಇಲ್ಲವೋ, ಮುಂದಿನ ತಿಂಗಳಿಂದ ಶುಲ್ಕವಿಲ್ಲದ ಖಾತೆಗೆ ಬದಲಾಯಿಸಿ ಎಂಬ ಸಾಲೂ ಆ ಪತ್ರದಲ್ಲಿದೆ. ಅದನ್ನು ಸೇರಿಸಲು ಹೇಳಿದವರು ಅಪ್ಪ.

ಓದುವ ಮಕ್ಕಳಿಗೆ ಈ ವಾರ ಒಂದು ಕೆಲಸ. ಮನೆಯ ಪಾಸ್‌ಬುಕ್ಕನ್ನು ಅಪ್ಪ ಅಮ್ಮನ ಜೊತೆ ಕುಳಿತು ತೆರೆಯಿರಿ. ಒಂದು ವರ್ಷದ ಕಡಿತಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಪ್ರತಿ ಗೆರೆಯ ಮುಂದೆ ‘ಯಾವುದಕ್ಕೆ?’ ಎಂದು ಬರೆಯಿರಿ. ಉತ್ತರ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಸಾಲು ಸಿಕ್ಕರೆ, ಸೋಮವಾರ ಬ್ಯಾಂಕಿಗೆ ಹೋಗಿ ಕೇಳಲು ಹೇಳಿ.