ಸಂಗಮದ ದಡದಲ್ಲಿ ಉಳಿದ ಏಳು ಮಂದಿ



ಗೊಬ್ಬೂರಿನ ನಾವು ಹದಿನಾಲ್ಕು ಮಂದಿ ಗೆಳೆಯರು ಕೂಡಲಸಂಗಮಕ್ಕೆ ಹೋಗಿ, ಒಂದು ದೋಣಿಯನ್ನು ಇಡಿಯಾಗಿ ಬಾಡಿಗೆಗೆ ಹಿಡಿದು ಜಲವಿಹಾರ ಮಾಡಬೇಕೆಂದು ನಿಶ್ಚಯಿಸಿದ್ದೆವು. ಕೃಷ್ಣಾ-ಮಲಪ್ರಭೆಯರು ಕೂಡುವ ಆ ಎಡೆಯನ್ನು ಇಂದು ನಾರಾಯಣಪುರದ ಬಸವಸಾಗರದ ಹಿನ್ನೀರು ತುಂಬಿದೆ. ಅಣ್ಣ ಬಸವಣ್ಣನವರ ಐಕ್ಯಸ್ಥಳ ಮುಳುಗದಿರಲೆಂದು ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ದರ್ಶನ ಪಡೆಯಬೇಕು. ಸುತ್ತಲೂ ನೀರು, ನಡುವೆ ಒಣನೆಲ! ಆಚೆ ದಡದ ತಂಗಡಗಿಯಲ್ಲಿ ತಾಯಿ ನೀಲಾಂಬಿಕೆಯವರ ಐಕ್ಯಸ್ಥಳ.

“ಎಲ್ಲರೂ ಒಂದೇ ಸಲ ಹೋಗೋಣ” ಎಂದು ಅಂಬಿಗನನ್ನು ಒತ್ತಾಯಿಸಿದವನು, ನಾಚಿಕೆಯಿಂದಲೇ ಹೇಳುತ್ತೇನೆ, ನಾನು. ಅಂಬಿಗರ ಚೌಡಯ್ಯನವರ ಕಾಯಕದವನಲ್ಲವೇ, ಆತ ಮುಲಾಜಿಲ್ಲದೆ ನುಡಿದ: “ಏಳು ಮಂದಿ ಅಷ್ಟೇ ರೀ ಅಪ್ಪಾರ. ನಿಮ್ಮ ಗೆಳೆತನ ನೀರಿಗೇನು ಗೊತ್ತೈತಿ?” 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 15ಕ್ಕೂ ಹೆಚ್ಚು ಜನ ಅಸುನೀಗಿದ್ದರು. ಅವರೂ ದೇವದರ್ಶನಕ್ಕೆ ಹೋದವರೇ. ನಾನು ಸುಮ್ಮನಾದೆ.

ಮೊದಲ ಏಳು ಮಂದಿ ಹೋಗಿಬರುವಷ್ಟರಲ್ಲಿ ಗಾಳಿ ಎದ್ದಿತ್ತು, ಹೊತ್ತು ಇಳಿದಿತ್ತು. ಅಂಬಿಗ ದೋಣಿಯನ್ನು ಕಟ್ಟಿಹಾಕಿದ. ಉಳಿದ ಏಳರಲ್ಲಿ ನಾನೂ ಒಬ್ಬ. ಕೊಟ್ಟ ಬಾಡಿಗೆಯ ಲೆಕ್ಕ ತೆಗೆದು ಒಬ್ಬರು ಗೊಣಗಿದರು.

ಬಸವಣ್ಣನವರು ಕರೆಕಳುಹಿದಾಗ ಕಲ್ಯಾಣದಿಂದ ಹೊರಟ ನೀಲಾಂಬಿಕೆಯವರು ಸಂಗಮವನ್ನು ಸೇರದೆ ತಂಗಡಗಿಯಲ್ಲಿಯೇ ಲಿಂಗೈಕ್ಯರಾದರೆಂದು ಪ್ರತೀತಿ. ಲಿಂಗವು ಕರಸ್ಥಲದಲ್ಲಿರುವಾಗ ಅಲ್ಲಿ, ಇಲ್ಲಿ ಎಂಬುದೇಕೆಂಬ ಭಾವ ಆ ತಾಯಿಯದು. ಪ್ರವಚನಗಳಲ್ಲಿ ಎಷ್ಟೋ ಸಲ ಇದನ್ನು ಹೇಳಿದವನು ನಾನೇ!

ದಡದ ಮೆಟ್ಟಿಲ ಮೇಲೆಯೇ ಸಂಜೆಯ ಲಿಂಗಪೂಜೆಗೆ ಕುಳಿತೆವು. ಗೊಣಗಿದವರೇ ಎಲ್ಲರಿಗಿಂತ ಮೊದಲು ಕಣ್ಣು ಮುಚ್ಚಿದರು.