ಕಲೆಯ ಹಾದಿ, ಅನ್ನದ ಚಿಂತೆ

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ಮರುವಾರದಿಂದಲೇ ನಮ್ಮ ಪ್ರೌಢಶಾಲೆಗಳ ಶಿಕ್ಷಕರ ಕೊಠಡಿಗೆ ತಂದೆತಾಯಿಗಳು ಬರತೊಡಗುತ್ತಾರೆ. ವಿಜ್ಞಾನ ವಿಭಾಗಕ್ಕೆ ಯಾವ ಕಾಲೇಜು ಲೇಸು, ಸಿ.ಇ.ಟಿ., ನೀಟ್ ಪರೀಕ್ಷೆಗಳಿಗೆ ತರಬೇತಿ ಎಲ್ಲಿ ದೊರೆಯುವುದು, ವಸತಿನಿಲಯದ ಶುಲ್ಕವೆಷ್ಟು ಎಂಬುವೇ ಬಹುಮಂದಿಯ ಪ್ರಶ್ನೆಗಳು. ಇವರ ನಡುವೆ ವರ್ಷಕ್ಕೆ ಒಬ್ಬಿಬ್ಬರು ಮಾತ್ರ ಬೇರೊಂದು ತೊಡಕನ್ನು ಹೊತ್ತು ಬರುತ್ತಾರೆ. ಮಗನು ಸಂಗೀತವನ್ನೇ ಕಲಿಯುವೆನೆಂದು ಹಟ ಹಿಡಿದಿದ್ದಾನೆ, ಅಥವಾ ಮಗಳು ಚಿತ್ರಕಲಾ ಶಾಲೆಗೆ ಅರ್ಜಿ ತರಿಸಿಕೊಂಡಿದ್ದಾಳೆ. ಕನ್ನಡ ಪಂಡಿತನಾದವನು ಶಾಲೆಯ ನಾಟಕ, ಭಾಷಣ, ಗಾಯನಗಳ ಉಸ್ತುವಾರಿಯನ್ನೂ ಹೊತ್ತಿರುವುದರಿಂದ, ಈ ಹುಚ್ಚನ್ನು ಹಿಡಿಸಿದವರು ನೀವೇ, ಬಿಡಿಸುವವರೂ ನೀವೇ ಎಂಬ ಭಾವದಿಂದ ಅವರು ನಮ್ಮ ಮುಂದೆಯೇ ಬಂದು ಕುಳಿತುಕೊಳ್ಳುತ್ತಾರೆ.

ಈ ವಿವಾದದಲ್ಲಿ ಸಾಮಾನ್ಯವಾಗಿ ಇಬ್ಬರೇ ಕಕ್ಷಿದಾರರೆಂದು ಭಾವಿಸಲಾಗುತ್ತದೆ: ಅತ್ತ ಮಗುವಿನ ಆಸೆ, ಇತ್ತ ಹೆತ್ತವರ ಅಂಜಿಕೆ. ಮಗುವಿನ ಪಕ್ಷ ವಹಿಸುವವರು ಹೆತ್ತವರನ್ನು ರಸಹೀನರೆಂದು ಜರೆಯುತ್ತಾರೆ. ಹೆತ್ತವರ ಪಕ್ಷ ವಹಿಸುವವರು ಮಗುವನ್ನು ಅವಿವೇಕಿಯೆಂದು ಗದರಿಸುತ್ತಾರೆ. ನನ್ನ ಮತಿಗೆ ತೋರುವಂತೆ ಇಲ್ಲಿ ಮೂರನೆಯ ಕಕ್ಷಿದಾರನೊಬ್ಬನಿದ್ದಾನೆ. ಅವನೇ ಕಲೆಯನ್ನು ಬಯಸುವ, ಕಲಾವಿದನಿಗೆ ಶಾಲು ಹೊದಿಸುವ, ಆದರೆ ಕಲಿಯುವ ಕಾಲದ ಅನ್ನದ ಹೊಣೆಯನ್ನು ಹೊರಲೊಲ್ಲದ ಸಮಾಜ. ಅವನ ಕರ್ತವ್ಯವನ್ನು ಕುರಿತು ಎರಡು ಮಾತು ಬಿನ್ನವಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೆತ್ತವರ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ರೈತರು ನನ್ನೊಡನೆ ಆಡಿದ ಮಾತು ಇಂದಿಗೂ ಮರೆತಿಲ್ಲ. "ಗುರುಗಳ, ಮಗ ಛಲೋ ಹಾಡ್ತಾನ ಅಂತ ಊರ ಮಂದಿ ಎಲ್ಲಾ ಅಂತಾರ. ಮಂದಿ ಚಪ್ಪಾಳಿ ಹೊಡೀತಾರ, ಖರೆ. ಸೊಸಾಯಿಟಿ ಸಾಲ ಅವರು ಕಟ್ಟಂಗಿಲ್ಲಲ್ರೀ." ಈ ಮಾತಿನಲ್ಲಿ ಕಲೆಯ ತಿರಸ್ಕಾರ ಎಲ್ಲಿದೆ? ಮಳೆಯನ್ನೂ ಮಾರುಕಟ್ಟೆಯನ್ನೂ ನಂಬಿ ಕೆಟ್ಟವರು, ಮಕ್ಕಳಾದರೂ ತಿಂಗಳಿಗೊಮ್ಮೆ ತಪ್ಪದೆ ಬರುವ ಸಂಬಳವನ್ನು ಕಾಣಲಿ ಎಂದು ಹಂಬಲಿಸುವುದು ಸಹಜವೇ ಸರಿ. ನಮ್ಮ ಆಲಂಕಾರಿಕರು ಕೂಡ ಹಣವನ್ನು ಹೇಯವೆಂದು ದೂರವಿಟ್ಟವರಲ್ಲ. 'ಕಾವ್ಯಪ್ರಕಾಶ'ದ ಕರ್ತೃವಾದ ಮಮ್ಮಟನು ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಯಶಸ್ಸಿನ ಬೆನ್ನಲ್ಲೇ ಅರ್ಥಪ್ರಾಪ್ತಿಯನ್ನು ಇರಿಸಿದ್ದಾನೆ. ರಸಾನಂದದ ಮಾತು ಅನಂತರ ಬರುತ್ತದೆ. ಹಸಿದ ಕವಿಯನ್ನು ಆದರ್ಶವೆಂದು ಕೊಂಡಾಡುವ ಪದ್ಧತಿ ನಮ್ಮ ಶಾಸ್ತ್ರಕ್ಕೆ ಸೇರಿದುದಲ್ಲ.

ಹಾಗಾದರೆ ಹಿಂದೆ ಈ ಅರ್ಥದ ಪ್ರಶ್ನೆಯನ್ನು ಬಗೆಹರಿಸುತ್ತಿದ್ದವರು ಯಾರು? ಕವಿಚಕ್ರವರ್ತಿ ರನ್ನನ ಉದಾಹರಣೆಯನ್ನು ತೆಗೆದುಕೊಳ್ಳೋಣ. ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಬಳೆಗಾರರ ಮನೆತನದಲ್ಲಿ ಹುಟ್ಟಿದ ಆತನು ಮನೆಯ ಕಸುಬನ್ನು ಹಿಡಿದಿದ್ದರೆ ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗಿ ನೆಮ್ಮದಿಯಾಗಿ ಬದುಕಬಹುದಾಗಿತ್ತು. ವಿದ್ಯೆಯನ್ನು ಅರಸಿ ದೂರ ಹೋದ ಅವನಿಗೆ ಅಜಿತಸೇನಾಚಾರ್ಯರಂಥ ಗುರುಗಳು ದೊರೆತರು. ಚಾವುಂಡರಾಯನ ಆಶ್ರಯ ದೊರೆಯಿತು. ದಾನಚಿಂತಾಮಣಿ ಅತ್ತಿಮಬ್ಬೆಯ ಪೋಷಣೆ ದೊರೆಯಿತು. 993ರಲ್ಲಿ ಪೂರ್ಣಗೊಂಡ 'ಅಜಿತಪುರಾಣ' ಆ ಮಹಾತಾಯಿಯ ಆಶ್ರಯದ ಫಲ. ರನ್ನನ ಪ್ರತಿಭೆಯನ್ನು ನಾವು ತರಗತಿಯಲ್ಲಿ ಗಂಟೆಗಟ್ಟಲೆ ವರ್ಣಿಸುತ್ತೇವೆ. ಆ ಪ್ರತಿಭೆ ಬಳೆಯ ಮಲಾರದಡಿಯಲ್ಲಿ ಸಿಕ್ಕಿ ನಲುಗದಂತೆ ಕಾಪಾಡಿದವರ ಪ್ರಸಂಗವನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತೇವೆ.

ಪ್ರಾಚೀನರ ಮಾತು ದೂರವಾಯಿತೆನ್ನುವವರು ಧಾರವಾಡ-ಗದಗ ಸೀಮೆಯ ಸಂಗೀತ ಚರಿತ್ರೆಯನ್ನು ಅವಲೋಕಿಸಬಹುದು. 1892ರಲ್ಲಿ ಹುಟ್ಟಿದ ಅಂಧ ಬಾಲಕ ಗದಿಗೆಯ್ಯನನ್ನು ಹಾನಗಲ್ಲ ಕುಮಾರ ಶಿವಯೋಗಿಗಳು ಕೈಹಿಡಿದು ಸಂಗೀತ ಕಲಿಸುವ ವ್ಯವಸ್ಥೆ ಮಾಡಿದ್ದರಿಂದ ನಾಡಿಗೆ ಉಭಯ ಗಾಯನ ವಿಶಾರದ ಪಂಚಾಕ್ಷರಿ ಗವಾಯಿಗಳು ದೊರೆತರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರೂ, 1944ರಿಂದ 2010ರವರೆಗೆ ಅವರ ಉತ್ತರಾಧಿಕಾರಿಗಳಾಗಿ ಪುಟ್ಟರಾಜ ಗವಾಯಿಗಳೂ ನಡೆಸಿದ ಕಾರ್ಯದ ಒಳಗುಟ್ಟು ಸ್ವರಜ್ಞಾನವೊಂದೇ ಅಲ್ಲ. ಕಲಿಯಬಂದ ಅಂಧ, ಅನಾಥ, ಬಡ ಮಕ್ಕಳಿಗೆ ಎರಡು ಹೊತ್ತಿನ ಪ್ರಸಾದ ಮತ್ತು ತಲೆಯ ಮೇಲೊಂದು ಸೂರು. ಆ ಪ್ರಸಾದದ ವೆಚ್ಚಕ್ಕಾಗಿ ಆಶ್ರಮವು ನಾಟಕ ಮಂಡಳಿಯನ್ನೇ ಕಟ್ಟಿ ಊರೂರು ಸುತ್ತಿತು. ಧಾರವಾಡದ ಸಮೀಪದ ಮನಸೂರಿನ ಮಲ್ಲಿಕಾರ್ಜುನರು ನಾಟಕ ಕಂಪನಿಯ ಬಾಲನಟರಾಗಿದ್ದಾಗ ಅವರ ಕಂಠವನ್ನು ಕೇಳಿದ ನೀಲಕಂಠಬುವಾ ಮಿರಜಕರರು ಅವರನ್ನು ಶಿಷ್ಯರನ್ನಾಗಿ ಸ್ವೀಕರಿಸಿದರು. ಮುಂದೆ ಧಾರವಾಡ ಆಕಾಶವಾಣಿಯು ಅವರನ್ನು ಸಂಗೀತ ಸಲಹೆಗಾರರನ್ನಾಗಿ ಮಾಡಿಕೊಂಡಿತು. ಶಾಲಾ ಶಿಕ್ಷಕರ ಮಗನಾದ ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಗದಗಿನ ಮನೆಯಿಂದ ಹೇಳದೆ ಹೊರಟು ಉತ್ತರ ಭಾರತವನ್ನೆಲ್ಲ ಅಲೆದ ಕಥೆ ಎಲ್ಲರಿಗೂ ತಿಳಿದದ್ದೇ. ಆದರೆ ಆ ಅಲೆದಾಟದಿಂದಲೇ ಅವರು ಗಾಯಕರಾಗಲಿಲ್ಲ. ತಂದೆಯವರು ಜಲಂಧರದಿಂದ ಮನೆಗೆ ಕರೆತಂದ ಮೇಲೆ, 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಗುರುಗೃಹದಲ್ಲಿ ನೆಲೆ ದೊರೆತು, ಅಲ್ಲಿ ಸೇವೆ ಮಾಡುತ್ತ ಸಾಧನೆಗೈದುದರಿಂದ ಆದರು. ಮನೆ ಬಿಟ್ಟು ಓಡಿದುದನ್ನು ಮಾತ್ರ ನೆನಪಿಡುವ ನಮ್ಮ ಹುಡುಗರು, ಮರಳಿ ಬಂದುದನ್ನೂ ನಿಂತು ಕಲಿತುದನ್ನೂ ನೆನಪಿಡುವುದು ಲೇಸು.

ಹೆತ್ತವರೇ ಆಸರೆಯಾಗಿ ನಿಂತ ನಿದರ್ಶನವೂ ಅದೇ ಗುರುವಿನ ಶಿಷ್ಯವರ್ಗದಲ್ಲಿದೆ. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರು ಸ್ವತಃ ಕರ್ನಾಟಕ ಸಂಗೀತದ ಗಾಯಕಿಯಾಗಿದ್ದರು. ಮಗಳು ಕಲಿಯುತ್ತಿದ್ದ ಹಿಂದೂಸ್ತಾನಿ ಪದ್ಧತಿಗೆ ತಮ್ಮ ಹಾಡಿನಿಂದ ಬಾಧೆಯಾಗಬಾರದೆಂದು ಅವರು ತಮ್ಮ ಗಾಯನವನ್ನೇ ನಿಲ್ಲಿಸಿದರು. ರಂಗಭೂಮಿಯ ಕಡೆಗೆ ನೋಡಿದರೆ, ಮನೆ ಬಿಟ್ಟು ಬಂದು ಗುಬ್ಬಿ ಕಂಪನಿಯನ್ನು ಸೇರಿದ ಬಾಲಕ ಬಿ.ವಿ. ಕಾರಂತರನ್ನು ಗುಬ್ಬಿ ವೀರಣ್ಣನವರು ಮುಂದೆ ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದರು. ಅದೇ ಕಾರಂತರು ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು.

ಈ ನಿದರ್ಶನಗಳ ತಾತ್ಪರ್ಯ ಒಂದೇ. ಕಲಾವಿದನು ತನ್ನ ಛಲವೊಂದರಿಂದಲೇ ಮೇಲೆ ಬಂದನೆಂಬುದು ಅರ್ಧಸತ್ಯ. ಕಲಿಕೆಯ ಎಂಟು ಹತ್ತು ವರ್ಷಗಳಲ್ಲಿ ಅವನ ಎಲೆಗೆ ಅನ್ನ ಬಡಿಸಿದವರು ಯಾರೋ ಇದ್ದೇ ಇದ್ದರು. ಅಂದಿನ ಆಸರೆಗಳಲ್ಲಿ ಹಲವು ಇಂದು ಸಡಿಲಿವೆ. ಅರಸೊತ್ತಿಗೆ ಹೋಯಿತು. ವೃತ್ತಿ ನಾಟಕ ಕಂಪನಿಗಳಲ್ಲಿ ಉಳಿದ ಕೆಲವು ಜಾತ್ರೆಗಳನ್ನು ನಂಬಿ ಉಸಿರು ಹಿಡಿದಿವೆ. ಶಿಷ್ಯನನ್ನು ಮನೆಯಲ್ಲಿರಿಸಿಕೊಂಡು ಕಲಿಸುವ ಗುರುಗಳು ವಿರಳರಾಗಿದ್ದಾರೆ. ಹೀಗಾಗಿ ಹಿಂದೆ ನಾಲ್ಕು ಹೆಗಲುಗಳ ಮೇಲಿದ್ದ ಭಾರವೆಲ್ಲ ಈಗ ತಂದೆಯೊಬ್ಬನ ಹೆಗಲಿಗೆ ಬಿದ್ದಿದೆ. ಭಾರವನ್ನು ಅವನೊಬ್ಬನ ಮೇಲೆ ಹೇರಿ, ಅವನು ಬಳಲಿದಾಗ ರಸಹೀನನೆಂದು ಹಂಗಿಸುವುದು ನ್ಯಾಯವಲ್ಲ.

ಇನ್ನು ಮಕ್ಕಳ ಪಕ್ಷ. ಮೊದಲು ಪದವಿ, ನೌಕರಿ. ಆಮೇಲೆ ಬಿಡುವಿನಲ್ಲಿ ಕಲೆ ಎಂಬುದು ಹೆತ್ತವರ ಸಾಮಾನ್ಯ ಉಪದೇಶ. ಸಾಹಿತ್ಯದ ಮಟ್ಟಿಗೆ ಈ ಉಪದೇಶ ಸಲ್ಲುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದುಕೊಂಡೇ ಬರೆದರು. ಸೇವೆಯಿಂದ ಹೊರಬಂದುದು 1943ರಲ್ಲಿ, ಜ್ಞಾನಪೀಠ ಪ್ರಶಸ್ತಿ ಬಂದುದು 1983ರ ಸಾಲಿನಲ್ಲಿ. ಪು.ತಿ. ನರಸಿಂಹಾಚಾರ್ಯರು ಸೈನ್ಯದ ಕಚೇರಿಯಲ್ಲಿ ನೌಕರರಾಗಿದ್ದರು. ಬೇಂದ್ರೆಯವರು ವೃತ್ತಿಯಿಂದ ಶಿಕ್ಷಕರು. ಆ ವೃತ್ತಿಯೂ ನಡುವೆ ತಪ್ಪಿ ಅವರು ವರ್ಷಗಟ್ಟಲೆ ಕಷ್ಟಪಟ್ಟುದನ್ನು ಬಲ್ಲವರಿಗೆ, ಭದ್ರವೆನಿಸುವ ನೌಕರಿಯ ಭದ್ರತೆ ಎಷ್ಟೆಂಬುದೂ ಗೊತ್ತು. ಆದರೆ ಈ ನ್ಯಾಯವನ್ನು ಸಂಗೀತ, ನೃತ್ಯ, ಶಿಲ್ಪಗಳಿಗೆ ಅನ್ವಯಿಸಲಾಗದು. ಕಂಠ, ಬೆರಳು, ಕಾಲುಗಳು ಎಳವೆಯಲ್ಲಿ ಬಾಗಿದಂತೆ ಮೂವತ್ತರಲ್ಲಿ ಬಾಗುವುದಿಲ್ಲ. 'ಹಾಡುತ್ತ ಹಾಡುತ್ತ ರಾಗ' ಎಂಬ ಗಾದೆಯು ನಿತ್ಯವೂ ಹಾಡುವವನಿಗೆ ಸಂಬಂಧಿಸಿದ್ದು. ಭಾನುವಾರ ಮಾತ್ರ ಹಾಡುವವನಿಗಲ್ಲ. ಆದ್ದರಿಂದ ಯಾವ ಕಲೆ ಎಂಬುದನ್ನು ವಿಚಾರಿಸದೆ ಎಲ್ಲ ಮಕ್ಕಳಿಗೂ ಒಂದೇ ಉಪದೇಶ ಮಾಡುವುದು ಸಲ್ಲದು.

ಮಗುವಿನ ಒಲವು ನಿಜವಾದುದೋ ಕ್ಷಣಿಕವೋ ಎಂದು ಅರಿಯುವ ಬಗೆ ಹೇಗೆ? 'ಕಾವ್ಯಾದರ್ಶ'ವನ್ನು ರಚಿಸಿದ ದಂಡಿಯು ಕಾವ್ಯಸಂಪತ್ತಿಗೆ ಮೂರು ಕಾರಣಗಳನ್ನು ಹೇಳುತ್ತಾನೆ: ಸಹಜವಾದ ಪ್ರತಿಭೆ, ವಿಪುಲವೂ ನಿರ್ಮಲವೂ ಆದ ವಿದ್ಯೆ, ಕುಂದದ ಅಭ್ಯಾಸ. ಕಾವ್ಯಕ್ಕೆ ಹೇಳಿದ ಈ ಮಾತು ಎಲ್ಲ ಕಲೆಗಳಿಗೂ ಒರೆಗಲ್ಲಾಗಬಲ್ಲದು. ಪ್ರತಿಭೆಯನ್ನು ಹೆತ್ತವರ ಮಮತೆಯಾಗಲಿ ಸ್ನೇಹಿತರ ಚಪ್ಪಾಳೆಯಾಗಲಿ ನಿರ್ಣಯಿಸಲಾರದು; ಆ ಕಲೆಯಲ್ಲಿ ನುರಿತ, ಮುಲಾಜಿಲ್ಲದ ಗುರುವೊಬ್ಬರ ಮುಂದೆ ಮಗುವನ್ನು ನಿಲ್ಲಿಸಬೇಕು. ವಿದ್ಯೆಗೆ ಇಂದು ಮಾರ್ಗಗಳುಂಟು: ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ವಿಶ್ವವಿದ್ಯಾನಿಲಯವೂ ಚಾಮರಾಜೇಂದ್ರ ದೃಶ್ಯಕಲೆಗಳ ಅಕಾಡೆಮಿಯೂ ಇವೆ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿದೆ, ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1980ರಲ್ಲಿ ಆರಂಭಿಸಿದ ನೀನಾಸಮ್ ರಂಗಶಿಕ್ಷಣ ಕೇಂದ್ರವಿದೆ. ಮೂರನೆಯದಾದ ಅಭ್ಯಾಸವೊಂದೇ ಮಗುವು ತಾನಾಗಿ ಕೊಡಬೇಕಾದ ಸಾಕ್ಷಿ. ಯಾರೂ ಎಬ್ಬಿಸದೆ ನಸುಕಿನಲ್ಲಿ ಎದ್ದು ಎರಡು ವರ್ಷ ತಪ್ಪದೆ ತಂಬೂರಿ ಹಿಡಿದ ಹುಡುಗನೊಡನೆ ವಾದಿಸುವ ಮೊದಲು ತಂದೆ ಎರಡು ಬಾರಿ ಯೋಚಿಸಬೇಕು. ಸನ್ಮಾನದ ಹಾರವನ್ನು ಕಂಡು ಮಾತ್ರ ಮರುಳಾದ ಹುಡುಗನೂ ತನ್ನನ್ನು ತಾನು ಪ್ರಶ್ನಿಸಿಕೊಳ್ಳಬೇಕು.

ಇಲ್ಲಿ ಒಂದು ಕಹಿ ಸತ್ಯವನ್ನು ಮರೆಮಾಚಲಾಗದು. ನಾವು ಹೆಸರಿಸುವವರೆಲ್ಲ ಗೆದ್ದವರು. ಅದೇ ಕಂಪನಿಗಳಲ್ಲಿ ಬಣ್ಣ ಹಚ್ಚಿದ, ಅದೇ ಗುರುಗಳ ಬಳಿ ಕಲಿತ ಅನೇಕರು ಮುಪ್ಪಿನಲ್ಲಿ ಸರ್ಕಾರದ ಮಾಸಾಶನವನ್ನು ನಂಬಿ ದಿನ ಕಳೆದರು. ಅವರ ಚರಿತ್ರೆಯನ್ನು ಯಾರೂ ಬರೆಯಲಿಲ್ಲ. ಆದ್ದರಿಂದ 'ನಿನಗೆ ಪ್ರತಿಭೆಯಿದೆ, ಎಲ್ಲವನ್ನೂ ಬಿಟ್ಟು ನಡೆ' ಎಂದು ವೇದಿಕೆಯ ಮೇಲಿನಿಂದ ಹುರಿದುಂಬಿಸುವ ಅತಿಥಿಗಳ ಮಾತು ನನಗೆ ಹಿತವಾಗಿ ಕೇಳಿಸದು. ಆ ಮಾತಿಗೆ ಬೆಲೆ ತೆರುವವನು ವೇದಿಕೆಯ ಮೇಲೆ ಇರುವುದಿಲ್ಲ. ಸಭೆಯ ಹಿಂದಿನ ಸಾಲಿನಲ್ಲಿ, ಟವೆಲು ಹೆಗಲಿಗೆ ಹಾಕಿ ಕುಳಿತಿರುತ್ತಾನೆ.

ಈಗ ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ನನ್ನ ಬಿನ್ನಹ. ನಮ್ಮಂಥ ಸಂಸ್ಥೆಗಳಲ್ಲಿ ಹಿರಿಯರ ಸ್ಮರಣಾರ್ಥವಾಗಿ ಇಟ್ಟ ದತ್ತಿಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಗಣಿತಕ್ಕೋ ವಿಜ್ಞಾನಕ್ಕೋ ಅತ್ಯಧಿಕ ಅಂಕ ಪಡೆದವರಿಗೆ ಮೀಸಲು. ಮುಂದಿನ ದಾರಿಯೆಲ್ಲ ತೆರೆದೇ ಇರುವ ಆ ಮಕ್ಕಳಿಗೆ ಪದಕವು ಸಂತೋಷವನ್ನು ಕೊಡುತ್ತದೆಯೇ ಹೊರತು ಅವರ ಬಾಳಿನ ಗತಿಯನ್ನು ಬದಲಿಸುವುದಿಲ್ಲ. ಪಠ್ಯೇತರ ಸ್ಪರ್ಧೆಯಲ್ಲಿ ಗೆದ್ದ ಹಾಡುಗಾರನಿಗೆ ಸ್ಟೀಲಿನ ಲೋಟ ಕೊಟ್ಟು ಮನೆಗೆ ಕಳುಹಿಸುತ್ತೇವೆ. ಬಹುಮಾನ ಕೊಡುವುದು ಬೇರೆ, ಪೋಷಿಸುವುದು ಬೇರೆ. ಅತ್ತಿಮಬ್ಬೆ ರನ್ನನಿಗೆ ಕೊಟ್ಟದ್ದು ಪೋಷಣೆ.

ಆದುದರಿಂದ ಸಂಸ್ಥೆಯಲ್ಲಿ ಕಲಾಪೋಷಣೆಯ ದತ್ತಿನಿಧಿಯೊಂದು ಸ್ಥಾಪಿತವಾಗಬೇಕು. ಪ್ರತಿ ವರ್ಷ ಹಲವರಿಗೆ ಹಂಚುವುದು ಬೇಡ. ಮೂರು ವರ್ಷಗಳಿಗೊಮ್ಮೆ ಒಬ್ಬ ವಿದ್ಯಾರ್ಥಿ ಅಥವಾ ವಿದ್ಯಾರ್ಥಿನಿ ಸಾಕು. ಆಯ್ಕೆಯನ್ನು ಶಾಲೆಯ ಹೊರಗಿನ ಕಲಾಕೋವಿದರು ಮಾಡಲಿ. ನಮ್ಮ ಶಿಕ್ಷಕರ ದಾಕ್ಷಿಣ್ಯಕ್ಕೂ ದಾನಿಗಳ ಶಿಫಾರಸಿಗೂ ಅಲ್ಲಿ ಎಡೆಯಿರದಿರಲಿ. ಆಯ್ಕೆಯಾದವರಿಗೆ ಐದು ವರ್ಷಗಳ ಊಟ, ವಸತಿ, ಗುರುದಕ್ಷಿಣೆ, ವಾದ್ಯದ ಅಥವಾ ಬಣ್ಣದ ವೆಚ್ಚ ದೊರೆಯಲಿ. ವರ್ಷಕ್ಕೊಮ್ಮೆ ಪರಾಮರ್ಶೆ ನಡೆಯಲಿ. ಐದು ವರ್ಷಗಳ ಅನಂತರ ಅವರು ದೊಡ್ಡ ಕಲಾವಿದರಾಗದೆ ಶಾಲೆಯೊಂದರ ಸಂಗೀತ ಶಿಕ್ಷಕರೋ ಚಿತ್ರಕಲಾ ಶಿಕ್ಷಕರೋ ಆದರೂ ನಿಧಿಯು ವ್ಯರ್ಥವಾಯಿತೆಂದು ಯಾರೂ ಮರುಗಬಾರದು. ತಂದೆಯೊಡನೆ ಮಾತನಾಡುವಾಗ ಶಿಕ್ಷಕನ ಕೈಯಲ್ಲಿ ಬರಿಯ ಉಪದೇಶವಿರದೆ, ಈ ಐದು ವರ್ಷಗಳ ಹೊಣೆ ನಮ್ಮದೆಂಬ ಆಶ್ವಾಸನವಿದ್ದರೆ ಆ ಮಾತಿನ ತೂಕವೇ ಬೇರೆಯಾಗುತ್ತದೆ.

ತಂದೆತಾಯಿಗಳಿಗೆ ನಾನು ಕೇಳಿಕೊಳ್ಳುವುದಿಷ್ಟು: ಗುರುವಿನ ಪರೀಕ್ಷೆಯಾಗುವ ಮೊದಲು ಬೇಡವೆನ್ನಬೇಡಿ. ಮಕ್ಕಳಿಗೆ ಹೇಳುವುದಿಷ್ಟು: ಮನೆಯ ಸಾಲದ ಲೆಕ್ಕವನ್ನು ತಿಳಿಯದೆ ತಂದೆಯೊಡನೆ ಕಲೆಯ ಮಾತನ್ನು ಎತ್ತಬೇಡಿ. ಇಬ್ಬರ ನಡುವೆ ನಿಲ್ಲಬೇಕಾದ ಸಂಸ್ಥೆಯ ಹಿರಿಯರೂ ದಾನಿಗಳೂ ಈ ಸಂಚಿಕೆಯನ್ನು ಓದಿ ಬದಿಗಿಡುವ ಮೊದಲು ಮೇಲಿನ ಸೂಚನೆಯನ್ನು ಪರ್ಯಾಲೋಚಿಸಿ, ಬರುವ ಆಡಳಿತ ಮಂಡಳಿಯ ಸಭೆಯ ಮುಂದಿರಿಸಬೇಕೆಂದು ವಿನಯಪೂರ್ವಕವಾಗಿ ವಿಜ್ಞಾಪಿಸುತ್ತೇನೆ.