ಆ ಪಿರಮಿಡ್ ಯಾವ ಪುಟದಲ್ಲಿದೆ?

ಹೋದ ತಿಂಗಳು ಮನಃಶಾಸ್ತ್ರ ಎಂ.ಎ. ಓದುವ ಹುಡುಗಿಯೊಬ್ಬಳು ತನ್ನ ಪ್ರಬಂಧದ ಕರಡು ತಂದಳು. ಎರಡನೇ ಅಧ್ಯಾಯದಲ್ಲಿ ಮನುಷ್ಯನ ಅಗತ್ಯಗಳ ಕ್ರಮ ತೋರಿಸುವ ಬಣ್ಣಬಣ್ಣದ ಪಿರಮಿಡ್, ಕೆಳಗೆ ಆವರಣದಲ್ಲಿ ‘ಮ್ಯಾಸ್ಲೊ, 1943’. ಚುಕ್ಕಿ, ಅಲ್ಪವಿರಾಮ ಎಲ್ಲವೂ ಉಲ್ಲೇಖದ ಕ್ರಮ ಕಲಿಸುವ ಎಪಿಎ ಕೈಪಿಡಿ ಹೇಳಿದಂತೆಯೇ ಇದ್ದವು.

“ಈ ಚಿತ್ರ ಮೂಲ ಲೇಖನದ ಯಾವ ಪುಟದಲ್ಲಿದೆ, ತೋರಿಸಮ್ಮ” ಎಂದೆ. ಲೇಖನವನ್ನು ಅವಳು ತೆರೆದೇ ಇರಲಿಲ್ಲ. ಡೌನ್‌ಲೋಡ್ ಮಾಡಿ ಇಬ್ಬರೂ ಕೂತು ನೋಡಿದೆವು. ಸೈಕಲಾಜಿಕಲ್ ರಿವ್ಯೂ ಪತ್ರಿಕೆಯ 370ರಿಂದ 396ರವರೆಗೆ, ಒಟ್ಟು 27 ಪುಟ. ಪಿರಮಿಡ್ ಎಲ್ಲೂ ಇಲ್ಲ. ಅಗತ್ಯಗಳ ಈ ಕ್ರಮ ತಾನು ಹೇಳಿದಷ್ಟು ಬಿಗಿಯಾದದ್ದಲ್ಲ ಎಂದು ಮ್ಯಾಸ್ಲೊ ಬರೆದ ಭಾಗ ಮಾತ್ರ ಕಣ್ಣಿಗೆ ಬಿತ್ತು.

“ಎಲ್ಲ ಪುಸ್ತಕದಲ್ಲೂ ಪಿರಮಿಡ್ ಇದೆಯಲ್ಲಾ ಮೇಡಂ?”

ಇದೆ. ಅದನ್ನು ಬಿಡಿಸಿದವರು ಆಮೇಲೆ ಬಂದವರು.

ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ವಾಟ್ಸನ್ ಮತ್ತು ರೇನರ್ 1920ರಲ್ಲಿ ಪ್ರಕಟಿಸಿದ ‘ಲಿಟಲ್ ಆಲ್ಬರ್ಟ್’ ಪ್ರಯೋಗದ ಬಗ್ಗೆ ನನ್ನ ಪ್ರಬಂಧದಲ್ಲಿ ನಾನೂ ಒಂದು ಪ್ಯಾರಾ ಬರೆದಿದ್ದೆ. ಹನ್ನೊಂದು ತಿಂಗಳ ಕೂಸು ಬಿಳಿ ಇಲಿಯತ್ತ ಕೈ ಚಾಚಿದಾಗ, ಅದರ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಹೊಡೆದು ಬೆಚ್ಚಿಬೀಳಿಸಿ, ಇಲಿಯ ಭಯ ಹುಟ್ಟಿಸಿದ ಪ್ರಯೋಗ ಅದು. ಕೊನೆಗೆ ಆ ಭಯವನ್ನು ಬಿಡಿಸಿದರು ಎಂದು ಸೇರಿಸಿ, ಆವರಣದಲ್ಲಿ 1920 ಎಂದು ಹಾಕಿದ್ದೆ. ನಾನು ಓದಿದ್ದು ಒಂದು ಪಠ್ಯಪುಸ್ತಕ ಮಾತ್ರ. ಎಷ್ಟೋ ವರ್ಷಗಳ ಮೇಲೆ ಮೂಲ ಓದಿದೆ. ಹದಿನಾಲ್ಕೇ ಪುಟ. ಭಯ ಬಿಡಿಸುವ ಮೊದಲೇ ಮಗುವನ್ನು ಆಸ್ಪತ್ರೆಯಿಂದ ಕರೆದೊಯ್ದರು ಎಂದು ಅದರಲ್ಲೇ ಇದೆ. ಭಯ ಬಿಡಿಸಿದ್ದು ಪೀಟರ್ ಎಂಬ ಬೇರೆ ಮಗುವಿಗೆ. 1924ರಲ್ಲಿ ಅದನ್ನು ವರದಿ ಮಾಡಿದವರು ಮೇರಿ ಕವರ್ ಜೋನ್ಸ್. ಪಠ್ಯಪುಸ್ತಕಗಳು ಆಲ್ಬರ್ಟ್‌ನ ಕಥೆಯನ್ನು ಹೇಗೆಲ್ಲ ಕೆಡಿಸಿವೆ ಎಂದು ಬೆನ್ ಹ್ಯಾರಿಸ್ 1979ರಲ್ಲೇ ತೋರಿಸಿಕೊಟ್ಟಿದ್ದರು. ಭಯವನ್ನು ಹೊತ್ತುಕೊಂಡೇ ಹೋದ ಕೂಸಿಗೆ ನಾನು ಸುಖದ ಕೊನೆ ಬರೆದುಬಿಟ್ಟಿದ್ದೆ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಉಲ್ಲೇಖಗಳ ಪಟ್ಟಿಗೆ ಕನ್ನಡದಲ್ಲಿ ಗ್ರಂಥಋಣ ಎಂಬ ಮಾತಿದೆ. ಮಾಡದ ಸಾಲವನ್ನು ಬರೆದು, ಮಾಡಿದ ಸಾಲವನ್ನು ಮುಚ್ಚಿಡುವುದು ಯಾವ ಲೆಕ್ಕ? ನಮ್ಮ ವಿಭಾಗಗಳು ನೋಡುವುದು ಬರೀ ಚುಕ್ಕಿ, ಇಟಾಲಿಕ್ಸ್, ಮತ್ತೆ ಬೇರೆ ಬರಹಗಳೊಂದಿಗೆ ತಂತ್ರಾಂಶ ತೋರಿಸುವ ಹೋಲಿಕೆಯ ಶೇಕಡಾವಾರು. ಯುಜಿಸಿಯ 2018ರ ನಿಯಮದ ಪ್ರಕಾರ ಹೋಲಿಕೆ ಶೇ 10ರೊಳಗಿದ್ದರೆ ದಂಡವಿಲ್ಲ. ಆ ತಂತ್ರಾಂಶ ಕದ್ದ ವಾಕ್ಯವನ್ನು ಹಿಡಿದೀತು. ಓದದೆ ಹೆಸರಿಸಿದ ಲೇಖನವನ್ನು ಹಿಡಿಯಲಾರದು. ಈಗಂತೂ ಎಲ್ಲೂ ಇಲ್ಲದ ಲೇಖನಕ್ಕೂ ಎಐ ವರ್ಷ, ಪುಟಸಂಖ್ಯೆ ಹೊಂದಿಸಿ ಕೊಡುತ್ತದೆ.

ಮೂಲ ಸಿಗದಿದ್ದರೆ ಪ್ರಾಮಾಣಿಕ ದಾರಿಯನ್ನು ಎಪಿಎ ಕೈಪಿಡಿಯೇ ಕೊಟ್ಟಿದೆ. ‘ವಾಟ್ಸನ್ ಮತ್ತು ರೇನರ್, 1920, ಹ್ಯಾರಿಸ್ 1979ರಲ್ಲಿ ಉಲ್ಲೇಖಿಸಿದಂತೆ’ ಎಂದು ಬರೆದು, ಪಟ್ಟಿಯಲ್ಲಿ ಹ್ಯಾರಿಸ್ ಒಬ್ಬರನ್ನೇ ಹಾಕಿದರೆ ಸಾಕು. ಹಾಗೆ ಬರೆದರೆ ಪ್ರಬಂಧದ ತೂಕ ಇಳಿಯುತ್ತದೆ ಎಂದು ಮಕ್ಕಳನ್ನು ಹೆದರಿಸುವ ಮಾರ್ಗದರ್ಶಕರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ವೈವಾದಲ್ಲಿ ಪರೀಕ್ಷಕರು ಗ್ರಂಥಋಣದಿಂದ ಒಂದೇ ಒಂದು ಲೇಖನ ಆರಿಸಿ, “ಇದನ್ನು ತೆರೆದು ನಿಮ್ಮ ವಾಕ್ಯಕ್ಕೆ ಆಧಾರ ತೋರಿಸಿ” ಎಂದು ಕೇಳಲಿ. ಐದು ನಿಮಿಷದ ಕೆಲಸ.

ಆ ಹುಡುಗಿ ಮೊನ್ನೆ ಹೊಸ ಕರಡು ತಂದಳು. ಪಿರಮಿಡ್ ಇದ್ದ ಜಾಗದಲ್ಲಿ, ಕ್ರಮ ಬಿಗಿಯಾದದ್ದಲ್ಲ ಎಂಬ ಮ್ಯಾಸ್ಲೊ ಮಾತಿದೆ, ಪುಟಸಂಖ್ಯೆ ಸಮೇತ.